ವ್ಯವಹಾರ ವಿದ್ಯಾಲಯದ ಬಾಗಿಲಲ್ಲಿ ನಮ್ಮ ಮಕ್ಕಳು

ಮಕ್ಕಳು ಇಂಜಿನಿಯರ್ ಆಗಬೇಕು, ಡಾಕ್ಟರ್ ಆಗಬೇಕು ಎಂಬ ಹಂಬಲ ನಮ್ಮ ಮನೆತನಗಳಲ್ಲಿ ಹಳೆಯದು. ಈಗ ಅದರ ಪಕ್ಕದಲ್ಲಿ ಮತ್ತೊಂದು ಹಂಬಲ ಬಂದು ಕುಳಿತಿದೆ. ಪದವಿ ಮುಗಿಸಿದ ಮಗನೋ ಮಗಳೋ ಐ.ಐ.ಎಂ. ಎಂಬ ಭಾರತೀಯ ನಿರ್ವಹಣಾ ಸಂಸ್ಥೆಯನ್ನು ಸೇರಬೇಕೆಂಬುದೇ ಅದು. ಶ್ರೀಮಠಗಳಿಗೆ ಆಶೀರ್ವಾದ ಬೇಡಿ ಬರುವ ತಾಯ್ತಂದೆಗಳ ಬಾಯಲ್ಲಿ ಈ ಹೆಸರನ್ನು ನಾವು ಮೇಲಿಂದ ಮೇಲೆ ಕೇಳುತ್ತಿದ್ದೇವೆ. ಆಸೆ ತಪ್ಪಲ್ಲ. ಕಲ್ಯಾಣದ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರ ಪರಂಪರೆಗೆ ವ್ಯವಹಾರಶಾಸ್ತ್ರವು ಹೊರಗಿನದೇನೂ ಅಲ್ಲ. ಆದರೆ ಅಲ್ಲಿ ಸ್ಥಾನ ದೊರೆಯುವ ಸಂಭವವೆಷ್ಟು ಎಂಬುದನ್ನು ಅಳೆಯದೆ ತರಬೇತಿ ಕೇಂದ್ರಕ್ಕೆ ಹಣ ಕಟ್ಟುವುದು, ಕೈಯಲ್ಲಿದ್ದ ನೌಕರಿ ಬಿಡಿಸುವುದು, ಹೊಲ ಒತ್ತೆಯಿಡುವುದು ಇವೆಲ್ಲ ನಡೆಯುತ್ತಿರುವುದನ್ನು ಕಂಡು ಈ ನಾಲ್ಕು ಮಾತು ಬರೆಯಬೇಕಾಯಿತು.

1961ರಲ್ಲಿ ಕಲ್ಕತ್ತೆ ಮತ್ತು ಅಹಮದಾಬಾದುಗಳಲ್ಲಿ ಈ ಸಂಸ್ಥೆಗಳು ಮೊದಲು ಆರಂಭವಾದವು. 1973ರಲ್ಲಿ ಬೆಂಗಳೂರಿನ ಸಂಸ್ಥೆ ಹುಟ್ಟಿತು. ಬನ್ನೇರುಘಟ್ಟ ರಸ್ತೆಯ ಅದರ ಕಲ್ಲಿನ ಕಟ್ಟಡಗಳನ್ನು ಬಲ್ಲವರು ಬಲ್ಲರು. ಇಂದು ದೇಶದಲ್ಲಿ ಇಪ್ಪತ್ತಕ್ಕೂ ಮೇಲ್ಪಟ್ಟು ಇಂಥ ಸಂಸ್ಥೆಗಳಿವೆ. ಅವುಗಳ ಎರಡು ವರ್ಷದ ಮುಖ್ಯ ವ್ಯಾಸಂಗಕ್ಕೆ ಹೆಬ್ಬಾಗಿಲು 'ಕ್ಯಾಟ್' ಎಂಬ ಪ್ರವೇಶ ಪರೀಕ್ಷೆ. ಸಾಮಾನ್ಯವಾಗಿ ನವೆಂಬರ್ ತಿಂಗಳ ಕೊನೆಯ ಭಾನುವಾರ, ಎರಡು ಗಂಟೆಗಳ ಅವಧಿಯಲ್ಲಿ, ಕಂಪ್ಯೂಟರಿನ ಮುಂದೆ ಕುಳಿತು ಬರೆಯತಕ್ಕ ಪರೀಕ್ಷೆಯಿದು.

ಇದರ ಫಲಿತಾಂಶವನ್ನು ಓದುವುದರಲ್ಲೇ ಅನೇಕರು ಎಡವುತ್ತಾರೆ. ಫಲಿತಾಂಶ ಬರುವುದು ಪರ್ಸೆಂಟೈಲ್ ಎಂಬ ಅಳತೆಯಲ್ಲಿ. ಇದು ಶೇಕಡಾವಾರು ಅಂಕವಲ್ಲ. ಬರೆದವರಲ್ಲಿ ನೂರಕ್ಕೆ ಎಷ್ಟು ಮಂದಿಗಿಂತ ಈ ಅಭ್ಯರ್ಥಿ ಮುಂದಿದ್ದಾನೆ ಎಂಬುದನ್ನು ಅದು ಹೇಳುತ್ತದೆ. ಇತ್ತೀಚಿನ ವರ್ಷಗಳಲ್ಲಿ ಒಟ್ಟು ಅಂಕಗಳ ಅರ್ಧವನ್ನೂ ಪಡೆಯದವರು 99 ಪರ್ಸೆಂಟೈಲಿನಲ್ಲಿ ನಿಂತದ್ದುಂಟು. ಪರೀಕ್ಷೆಯೇ ಅಷ್ಟು ಬಿಗಿ. 2023ರಲ್ಲಿ ಸುಮಾರು 2 ಲಕ್ಷ 88 ಸಾವಿರ ಮಂದಿ ಈ ಪರೀಕ್ಷೆ ಬರೆದರು. 90 ಪರ್ಸೆಂಟೈಲ್ ಬಂದಿತೆಂದರೆ ಮನೆಯವರು ಪೇಢೆ ಹಂಚುತ್ತಾರೆ. ಲೆಕ್ಕ ಹಾಕಿದರೆ ಆ ಮಗುವಿನ ಮುಂದೆ ಇನ್ನೂ 28 ಸಾವಿರಕ್ಕೂ ಹೆಚ್ಚು ಮಂದಿ ನಿಂತಿದ್ದಾರೆ! 99 ಬಂದರೂ ಮುಂದಿರುವವರು 2,800ಕ್ಕೂ ಹೆಚ್ಚು. ಅಹಮದಾಬಾದಿನ ಮುಖ್ಯ ವ್ಯಾಸಂಗಕ್ಕೆ ವರ್ಷಕ್ಕೆ ದೊರೆಯುವುದು ನಾನೂರರ ಆಸುಪಾಸಿನ ಸ್ಥಾನಗಳು ಮಾತ್ರ. ಇದಲ್ಲದೆ ಇಂಗ್ಲಿಷ್ ಭಾಷೆ, ತರ್ಕ ಮತ್ತು ಅಂಕಿಅಂಶ, ಗಣಿತ ಎಂಬ ಮೂರು ಭಾಗಗಳಲ್ಲಿಯೂ ಬೇರೆ ಬೇರೆಯಾಗಿ ಕನಿಷ್ಠ ಮಟ್ಟವನ್ನು ಮುಟ್ಟಿರಬೇಕು. ಗಣಿತದಲ್ಲಿ ಹುಲಿಯಾಗಿದ್ದು ಇಂಗ್ಲಿಷಿನಲ್ಲಿ ಸೋತವನಿಗೆ ಒಟ್ಟು ಅಂಕ ಎಷ್ಟಿದ್ದರೂ ಕರೆ ಬರಲಾರದು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಮೊದಲ ದಿನದಿಂದಲೇ ಇಂಗ್ಲಿಷ್ ಗದ್ಯದ ಓದಿಗೆ ಕೈಹಚ್ಚಬೇಕಾದುದು ಈ ಕಾರಣದಿಂದ.

ಇಷ್ಟಕ್ಕೇ ಅಳತೆ ಮುಗಿಯದು. ಬೆಂಗಳೂರಿನ ಸಂಸ್ಥೆಯು ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಮತ್ತು ಪದವಿಯ ಅಂಕಗಳಿಗೂ ತೂಕ ಕೊಡುತ್ತದೆ. ಒಂದೊಂದು ಮಂಡಳಿಯ ಅಂಕಗಳನ್ನು ಅದೇ ಮಂಡಳಿಯ ಇತರ ಅಭ್ಯರ್ಥಿಗಳೊಡನೆ ಹೋಲಿಸಿ ಸರಿಹೊಂದಿಸುವ ನ್ಯಾಯವೂ ಅಲ್ಲಿದೆ. ಹದಿನೈದರ ವಯಸ್ಸಿನಲ್ಲಿ ಬರೆದ ಪರೀಕ್ಷೆಯ ಅಂಕ ಇಪ್ಪತ್ಮೂರರ ವಯಸ್ಸಿನಲ್ಲಿ ಮರಳಿ ಎದುರಿಗೆ ಬರುತ್ತದೆ. ಆದ್ದರಿಂದ ಮಗುವಿನ ಹಳೆಯ ಅಂಕಪಟ್ಟಿಗಳನ್ನು ಮೊದಲು ಎದುರಿಗಿಟ್ಟುಕೊಳ್ಳಿರಿ. ಅಲ್ಲಿ ಕುಂದಿದ್ದರೆ ಆ ಅಂಕಗಳಿಗೆ ಹೆಚ್ಚು ಬೆಲೆ ಕೊಡದ ಸಂಸ್ಥೆಗಳನ್ನು ಹುಡುಕಬೇಕಾಗುತ್ತದೆ. ಪ್ರತಿಯೊಂದು ಐ.ಐ.ಎಂ. ತನ್ನ ಆಯ್ಕೆಯ ಕ್ರಮವನ್ನು ಪ್ರತಿವರ್ಷ ಪ್ರಕಟಿಸುತ್ತದೆ. ತರಬೇತಿ ಕೇಂದ್ರದ ಜಾಹೀರಾತಿಗಿಂತ ಅದನ್ನು ಓದುವುದು ಮೇಲು.

ಹೆಣ್ಣುಮಕ್ಕಳಿಗೆ ಹಲವು ಸಂಸ್ಥೆಗಳಲ್ಲಿ ಕೆಲವು ಹೆಚ್ಚುವರಿ ಅಂಕಗಳಿವೆ. ಇಂಜಿನಿಯರಿಂಗ್ ಓದದೆ ಕಲೆ, ವಾಣಿಜ್ಯ ಓದಿದವರಿಗೂ ಕೆಲವೆಡೆ ಈ ಸೌಲಭ್ಯವುಂಟು. ಹೀಗಿರಲು ಮಗನನ್ನು ತರಬೇತಿಗೆ ಕಳುಹಿಸಿ, ಅವನಿಗಿಂತ ಚೆನ್ನಾಗಿ ಓದಿದ ಬಿ.ಕಾಂ. ಮಗಳಿಗೆ ವರ ಹುಡುಕುತ್ತಿರುವ ಮನೆಗಳು ತಮ್ಮ ಲೆಕ್ಕವನ್ನು ಇನ್ನೊಮ್ಮೆ ಕೂಡಿ ಕಳೆದು ನೋಡಲಿ ಎಂಬುದು ನಮ್ಮ ವಿನಂತಿ.

ನಮ್ಮ ಸಮಾಜದವರು ವಿಶೇಷವಾಗಿ ಗಮನಿಸತಕ್ಕದ್ದು ಜಾತಿ ಪ್ರಮಾಣಪತ್ರದ ವಿಷಯ. ರಾಜ್ಯದಲ್ಲಿ ಪ್ರವರ್ಗ 3ಬಿ ಎಂದು ಬರೆದ ಪತ್ರ ಕೈಯಲ್ಲಿದೆಯೆಂದು ಕೇಂದ್ರದ ಸಂಸ್ಥೆಯಲ್ಲಿಯೂ ಹಿಂದುಳಿದ ವರ್ಗದ ಶೇ. 27ರ ಮೀಸಲಾತಿ ದೊರೆಯುವುದೆಂದು ಎಷ್ಟೋ ಮಂದಿ ನಂಬಿದ್ದಾರೆ. ಕೇಂದ್ರದ ಪಟ್ಟಿಯೇ ಬೇರೆ. ಅದರಲ್ಲಿ ವೀರಶೈವ ಲಿಂಗಾಯತ ಸಮಾಜವು ಒಟ್ಟಾಗಿ ಸೇರಿಲ್ಲ, ಕೆಲವು ಒಳಪಂಗಡಗಳ ಹೆಸರು ಮಾತ್ರ ಇದೆ. ತಮ್ಮ ಒಳಪಂಗಡದ ಹೆಸರು ಅಲ್ಲಿದೆಯೋ ಇಲ್ಲವೋ, ಶಾಲೆಯ ದಾಖಲೆಯಲ್ಲಿ ಏನೆಂದು ಬರೆದಿದೆ ಎಂಬುದನ್ನು ಅರ್ಜಿ ಹಾಕುವ ಮೊದಲೇ ನೋಡಿಕೊಳ್ಳಬೇಕು. ಪಟ್ಟಿಗೆ ಸೇರದ ಬಡ ಮನೆತನಗಳಿಗೆ 2019ರಿಂದ ಆರ್ಥಿಕವಾಗಿ ಹಿಂದುಳಿದವರ ಶೇ. 10ರ ಮೀಸಲಾತಿಯ ದಾರಿಯಿದೆ. ಅದಕ್ಕೆ ಕುಟುಂಬದ ವಾರ್ಷಿಕ ವರಮಾನ ಎಂಟು ಲಕ್ಷ ರೂಪಾಯಿಗಿಂತ ಕಡಿಮೆಯಿರಬೇಕು. ಕೃಷಿಭೂಮಿ ಐದು ಎಕರೆ ಮುಟ್ಟಿತೆಂದರೆ ವರಮಾನ ಎಷ್ಟೇ ಕಡಿಮೆಯಿದ್ದರೂ ಅರ್ಹತೆ ಹೋಯಿತು. ಮಳೆಯನ್ನೇ ನಂಬಿದ ಎರೆಹೊಲದ ಐದು ಎಕರೆಯನ್ನೂ ಕಾಲುವೆ ನೀರಿನ ಐದು ಎಕರೆಯನ್ನೂ ಒಂದೇ ಕೋಲಿನಿಂದ ಅಳೆಯುವ ಈ ನಿಯಮ ನಮಗೆ ನ್ಯಾಯವೆನಿಸದು. ಆದರೆ ಇರುವ ನಿಯಮ ಇದೇ. ಈ ಪ್ರಮಾಣಪತ್ರಕ್ಕೆ ಹಿಂದಿನ ಹಣಕಾಸು ವರ್ಷದ ವರಮಾನವೇ ಆಧಾರವಾದುದರಿಂದ ಏಪ್ರಿಲ್ ಕಳೆದ ಕೂಡಲೇ ತಹಸೀಲ್ದಾರರ ಕಚೇರಿಗೆ ಹೋಗುವುದು ಕ್ಷೇಮ.

ಪರೀಕ್ಷೆ ದಾಟಿದವರಿಗೆ ಸಂದರ್ಶನ. ನಮ್ಮ ಮಕ್ಕಳು ಇಲ್ಲಿ ಅನಾವಶ್ಯಕವಾಗಿ ಅಳುಕುತ್ತಾರೆ. ಪ್ರಶ್ನೆಗಳು ಬಹುಮಟ್ಟಿಗೆ ಅಭ್ಯರ್ಥಿಯ ಊರು, ಓದು, ಕೆಲಸಗಳನ್ನು ಸುತ್ತುತ್ತವೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತಂದೆಯ ದಲಾಲಿ ಅಂಗಡಿಯ ಗಲ್ಲೆಯ ಮೇಲೆ ಕುಳಿತು ಬೆಳೆದ ಹುಡುಗನಿಗೆ ಆವಕ ಹೆಚ್ಚಿದ ದಿನ ದರವೇಕೆ ಬೀಳುತ್ತದೆ, ಶೀತಲಗೃಹದಲ್ಲಿ ಮಾಲು ಇಟ್ಟು ಕಾಯುವವನಿಗೆ ಬಡ್ಡಿ ಎಷ್ಟು ತಗಲುತ್ತದೆ, ರೈತನಿಗೆ ಕೊಟ್ಟ ಮುಂಗಡ ಯಾವ ವರ್ಷ ಮುಳುಗುತ್ತದೆ ಎಂಬುದೆಲ್ಲ ಗೊತ್ತು. ಅದನ್ನು ಹೇಳಲು ನಾಚಿ, ಎಲ್ಲಿಯೋ ಉರುಹೊಡೆದ ಉತ್ತರವನ್ನು ಒಪ್ಪಿಸುತ್ತಾನೆ. ನಾಲ್ಕು ತಿಂಗಳು ಮನೆಯವರೆದುರು ತನ್ನ ಪೇಟೆಯ ವಿಷಯವನ್ನೇ ಇಂಗ್ಲಿಷಿನಲ್ಲಿ ವಿವರಿಸಿ ರೂಢಿಸಿಕೊಂಡರೆ ಆ ಅಳುಕು ಕಳೆದೀತು.

ಹಣದ ಮಾತು. ಬೆಂಗಳೂರು, ಅಹಮದಾಬಾದುಗಳಲ್ಲಿ ಎರಡು ವರ್ಷದ ಶುಲ್ಕ ಇಪ್ಪತ್ತು ಲಕ್ಷ ರೂಪಾಯಿ ದಾಟಿದೆ. ಇಂಥ ಹೆಸರಾಂತ ಸಂಸ್ಥೆಗಳಿಗೆ ಆಯ್ಕೆಯಾದವರಿಗೆ ಸ್ಟೇಟ್ ಬ್ಯಾಂಕಿನಂಥ ಬ್ಯಾಂಕುಗಳು ಆಸ್ತಿಯ ಒತ್ತೆಯಿಲ್ಲದೆ ಸಾಲ ಕೊಡುತ್ತವೆ; ಹೊಲ ಮಾರುವ ಅವಸರ ಬೇಡ. ಪ್ರವೇಶಕ್ಕೆ ಮೊದಲೇ ನೌಕರಿ ಬಿಡಿಸುವುದಂತೂ ಸಲ್ಲದು, ಏಕೆಂದರೆ ಕೆಲಸದ ಅನುಭವಕ್ಕೆ ಹಲವು ಸಂಸ್ಥೆಗಳು ಅಂಕ ಕೊಡುತ್ತವೆ.

ಹಿಂದಿನ ವರ್ಷಗಳ ಒಂದು ಪ್ರಶ್ನಪತ್ರಿಕೆಯನ್ನು ಗಡಿಯಾರ ಮುಂದಿಟ್ಟು ಮಗುವಿನಿಂದ ಬಿಡಿಸಿರಿ. ತಪ್ಪು ಆಯ್ಕೆಗೆ ಒಂದು ಅಂಕ ಕಳೆಯುವುದನ್ನು ಮರೆಯಬೇಡಿರಿ. ಹತ್ತು ಬಾರಿ ಬಿಡಿಸಿದ ಮೇಲೂ ಮಟ್ಟ ಏರದಿದ್ದರೆ ರಾಜ್ಯದ ಪಿ.ಜಿ.ಸಿ.ಇ.ಟಿ. ಮೂಲಕ ಧಾರವಾಡ, ಮೈಸೂರು ವಿಶ್ವವಿದ್ಯಾಲಯಗಳ ಎಂ.ಬಿ.ಎ. ವಿಭಾಗಗಳಿಗೆ ಅರ್ಜಿ ಹಾಕಬಹುದು. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯದಲ್ಲಿಯೂ ಈ ವ್ಯಾಸಂಗವಿದೆ. ಕ್ಯಾಟ್ ಪರೀಕ್ಷೆಗೆ ಇಷ್ಟೇ ಬಾರಿ ಎಂಬ ಮಿತಿಯಿಲ್ಲ. ಎರಡು ವರ್ಷ ದುಡಿದು, ಕೈಯಲ್ಲಿ ಅನುಭವ ಹಿಡಿದು ಮತ್ತೆ ಬರೆಯಲು ಅಡ್ಡಿಯಿಲ್ಲ.