ವೈದ್ಯನೂ ಕಮ್ಮಾರನೂ

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲ್ಲೂಕುಗಳು ಘಟಪ್ರಭೆಯ ನೀರುಂಡು ಕಬ್ಬು ಬೆಳೆಯುವ ಸೀಮೆ. ಹಂಗಾಮು ಮೊದಲಾಗಿ ಕಾರಖಾನೆಗಳ ಹಾದಿಯಲ್ಲಿ ಕಬ್ಬಿನ ಗಾಡಿಗಳು ಸಾಲುಗಟ್ಟಿದುವೆಂದರೆ, ಹೇರಿನ ಮೇಲಿಂದ ಜಾರಿಬಿದ್ದು ತೊಡೆಯೆಲುಬು ಮುರಿದುಕೊಂಡವನೂ, ರಾಶಿಯಂತ್ರಕ್ಕೆ ಕೈಸಿಲುಕಿ ಬೆರಳು ಜಜ್ಜಿಸಿಕೊಂಡವಳೂ, ಇರುಳಿನಲ್ಲಿ ದೀಪವಿಲ್ಲದ ಟ್ರೇಲರಿಗೆ ಬೈಕು ಗುದ್ದಿಸಿದ ತರುಣನೂ ದವಾಖಾನೆಯ ಬಾಗಿಲಿಗೆ ಬರುವುದು ಇಲ್ಲಿನ ವೈದ್ಯರಿಗೆ ಹೊಸ ಸಂಗತಿಯೇನಲ್ಲ. ಆ ಗಾಯಾಳುಗಳು ಕೇಳುವ ಪ್ರಶ್ನೆಯೂ ಹೊಸದಲ್ಲ: “ಸಾಹೇಬ್ರ, ಮತ್ತ ಹೊಲದಾಗ ದುಡ್ಯಾಕ ಬರ್ತೈತೇನ್ರೀ? ಕೆಳಗ ಕುಂತು ಉಣ್ಣಾಕ ಬರ್ತೈತೇನ್ರೀ?” ಅಸ್ಥಿಚಿಕಿತ್ಸೆಗಾಗಿ ಮನುಷ್ಯನು ಕಲ್ಪಿಸಿದ ಸಲಕರಣೆಗಳ ಚರಿತ್ರೆಯನ್ನು ಅವಲೋಕಿಸಿದರೆ, ಈ ಪ್ರಶ್ನೆಗೆ ಕಿವಿಗೊಟ್ಟ ವೈದ್ಯನೂ, ಆತನ ಆಲೋಚನೆಗೆ ಕೈಯಾರೆ ರೂಪುಕೊಡಬಲ್ಲ ಕುಶಲಕರ್ಮಿಯೂ ಒಟ್ಟಿಗೆ ಕುಳಿತು ಕೆಲಸಮಾಡಿದಲ್ಲಿ ಬಾಳುವಂಥ ಉಪಕರಣ ಹುಟ್ಟಿತೆಂಬುದು ಮತ್ತೆ ಮತ್ತೆ ಕಂಡುಬರುತ್ತದೆ.

ನಮ್ಮಲ್ಲಿ ಈ ವಿದ್ಯೆ ಅತಿ ಪ್ರಾಚೀನವಾದದ್ದು. ಸುಶ್ರುತಸಂಹಿತೆಯು 101 ಯಂತ್ರಗಳನ್ನೂ 20 ಶಸ್ತ್ರಗಳನ್ನೂ ಹೆಸರಿಸಿ, ಯಂತ್ರಗಳಲ್ಲೆಲ್ಲ ಪ್ರಧಾನವಾದುದು ವೈದ್ಯನ ಕೈಯೇ ಎಂದು ಸಾರುತ್ತದೆ. ತೊಡೆ ಇಲ್ಲವೆ ಕಣಕಾಲಿನ ಎಲುಬು ಮುರಿದವನಿಗೆ ಅದು ವಿಧಿಸುವ ಕಪಾಟಶಯನವೆಂಬುದು ಐದು ಗೂಟಗಳ ಹಲಗೆಯ ಹಾಸಿಗೆ. ಸಂಧಿಯ ಎರಡೂ ಪಕ್ಕಗಳಲ್ಲಿ ಎರಡೆರಡು, ಅಂಗಾಲಿನ ಬಳಿ ಒಂದು ಗೂಟ ನೆಟ್ಟು, ಮುರಿದ ಭಾಗ ಕದಲದಂತೆ ಕಟ್ಟುವುದು ಅದರ ಕ್ರಮ. ಅತ್ತಿ, ಅರಳಿ, ಆಲ, ಮುತ್ತುಗ ಮೊದಲಾದ ಮರಗಳ ತೊಗಟೆಯನ್ನೂ ಬಿದಿರನ್ನೂ ದಬ್ಬೆಯಾಗಿ ಇಟ್ಟು ಕಟ್ಟಿದ ಪಟ್ಟಿಯನ್ನು ತಂಪುಕಾಲದಲ್ಲಿ ಏಳು ದಿನಕ್ಕೊಮ್ಮೆ, ಸಮಕಾಲದಲ್ಲಿ ಐದು ದಿನಕ್ಕೊಮ್ಮೆ, ಬಿರುಬೇಸಗೆಯಲ್ಲಿ ಮೂರು ದಿನಕ್ಕೊಮ್ಮೆ ಬದಲಿಸಬೇಕೆಂದೂ, ಕಟ್ಟು ಸಡಿಲಾದರೆ ಸಂಧಿ ನಿಲ್ಲದೆಂದೂ, ಬಿಗಿಯಾದರೆ ಬಾವು ಬಂದು ಕೀವಾಗುವುದೆಂದೂ ಎಚ್ಚರಿಸಿದೆ. ಹಳ್ಳಿಗಳಲ್ಲಿ ಇಂದಿಗೂ ಬಿದಿರುದಬ್ಬೆಯಿಟ್ಟು ಎಲುಬು ಕಟ್ಟುವವರು ಈ ಎಚ್ಚರಿಕೆಯನ್ನು ಮರೆತಾಗ, ಅತಿಬಿಗಿತದಿಂದ ರಕ್ತಸಂಚಾರ ನಿಂತು, ಉಳಿಯಬಹುದಾಗಿದ್ದ ಕಾಲನ್ನೇ ಕತ್ತರಿಸಬೇಕಾಗಿ ಬಂದೀತು.

ಎಲುಬು ಕಟ್ಟುವವರ ಮನೆತನದಿಂದಲೇ ಆಧುನಿಕ ಅಸ್ಥಿಚಿಕಿತ್ಸೆಗೆ ಒಬ್ಬ ಮಹನೀಯನು ಬಂದನೆಂಬುದು ಗಮನಾರ್ಹ. ವೇಲ್ಸ್ ಸೀಮೆಯ ನಾಟಿವೈದ್ಯರ ವಂಶದಲ್ಲಿ ಹುಟ್ಟಿ, ವೈದ್ಯಪದವಿ ಪಡೆದು, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ನೆಲಸಿದ ಹ್ಯೂ ಓವೆನ್ ಥಾಮಸ್ (1834–1891) ತನ್ನ ಚಿಕಿತ್ಸಾಲಯಕ್ಕೆ ಹೊಂದಿಕೊಂಡೇ ಕಮ್ಮಾರನನ್ನೂ ಜೀನು ಹೊಲಿಯುವವನನ್ನೂ ಕೆಲಸಕ್ಕಿಟ್ಟುಕೊಂಡಿದ್ದನು. ಬೆಳಿಗ್ಗೆ ಕಂಡ ರೋಗಿಯ ಕಾಲಿನ ಅಳತೆಗೆ ಕಬ್ಬಿಣದ ಸರಳು ಬಾಗುತ್ತಿತ್ತು, ತೊಗಲಿನ ಸುತ್ತು ಸಿದ್ಧವಾಗುತ್ತಿತ್ತು. ಅವನ ಕಾಲದಲ್ಲಿ ಹೆಚ್ಚಿನವರು ಮನ್ನಿಸದ, ಮುರಿದ ಕಾಲನ್ನು ಕದಲದಂತೆ ಹಿಡಿಯುವ ಆ ಸಲಕರಣೆಯನ್ನು ಅವನ ಹೆಂಡತಿಯ ಸೋದರಳಿಯನಾದ ರಾಬರ್ಟ್ ಜೋನ್ಸ್ ಮೊದಲನೆಯ ಮಹಾಯುದ್ಧದ ರಣಭೂಮಿಗೆ ಒಯ್ದಾಗ, ಗುಂಡೇಟಿನಿಂದ ತೊಡೆಯೆಲುಬು ಮುರಿದ ಸೈನಿಕರಲ್ಲಿ ಸೇಕಡ 80ರಷ್ಟಿದ್ದ ಸಾವು 20ರ ಆಸುಪಾಸಿಗೆ ಇಳಿಯಿತೆಂದು ಸೇನಾವೈದ್ಯರು ದಾಖಲಿಸಿದ್ದಾರೆ. ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಥಾಮಸ್ ಸ್ಪ್ಲಿಂಟ್ ಎಂಬ ಹೆಸರಿನಿಂದ ಬಳಕೆಯಲ್ಲಿರುವುದು ಇದೇ.

ಆವಿಷ್ಕಾರಕ್ಕೆ ರಾಜಧಾನಿಯೇ ಬೇಕೆಂಬ ನಂಬಿಕೆಯನ್ನು ಸೈಬೀರಿಯದ ಕುರ್ಗಾನಿನ ವೈದ್ಯ ಇಲಿಜಾರೋವ್ 1950ರ ದಶಕದಲ್ಲಿ ಸುಳ್ಳುಮಾಡಿದನು. ಕಾಲಿನ ಸುತ್ತ ಲೋಹದ ಬಳೆಗಳನ್ನಿರಿಸಿ, ಸೆಳೆದು ಬಿಗಿದ ತಂತಿಗಳಿಂದ ಎಲುಬನ್ನು ಹಿಡಿದು, ತಿರುಪುಗಳನ್ನು ದಿನಕ್ಕೆ 1 ಮಿಲಿಮೀಟರಿನಂತೆ ನಾಲ್ಕು ಕಂತುಗಳಲ್ಲಿ ತಿರುಗಿಸುತ್ತ ಹೋದರೆ ನಡುವಿನ ತೆರಪಿನಲ್ಲಿ ಹೊಸ ಎಲುಬು ಬೆಳೆಯುವುದೆಂದು ಅವನು ತೋರಿಸಿದನು. ನಮ್ಮ ದೇಶದಲ್ಲಿ ಜಯಪುರದ ಕರಕುಶಲಿ ರಾಮಚಂದ್ರ ಶರ್ಮಾ, ಶಸ್ತ್ರಚಿಕಿತ್ಸಕ ಡಾ. ಪಿ. ಕೆ. ಸೇಠಿ ಅವರೊಡನೆ 1968ರಲ್ಲಿ ರೂಪಿಸಿದ ರಬ್ಬರಿನ ಕೃತಕಪಾದವಂತೂ ಮೇಲೆ ಕೇಳಿದ ಪ್ರಶ್ನೆಗೆ ನೇರವಾದ ಉತ್ತರ. ವಿದೇಶದ ಪಾದ ಬೂಟಿನೊಳಗೆ ನಡೆಯಲು ತಕ್ಕುದಾಗಿತ್ತು. ಇದು ಬರಿಗಾಲಲ್ಲಿ ಕೆಸರುಗದ್ದೆಗಿಳಿಯಲೂ ಕುಕ್ಕರುಗಾಲಲ್ಲಿ ಕೂರಲೂ ಒದಗಿತು.

ದೇಹದೊಳಗೆ ನೆಲಸಬೇಕಾದ ಫಲಕ, ತಿರುಪು, ಕೃತಕ ಕೀಲುಗಳ ಮಾತು ಇನ್ನಷ್ಟು ಸೂಕ್ಷ್ಮವಾದದ್ದು. ರಕ್ತದ ಲವಣಾಂಶಕ್ಕೆ ಸಾಮಾನ್ಯ ಕಬ್ಬಿಣ ತುಕ್ಕುಹಿಡಿಯುವುದರಿಂದ ತುಕ್ಕುಹಿಡಿಯದ ವಿಶೇಷ ಉಕ್ಕು ಬಳಕೆಗೆ ಬಂತು. ಆದರೆ ಉಕ್ಕು ಎಲುಬಿಗಿಂತ ಸುಮಾರು ಹತ್ತುಪಟ್ಟು ಬಿರುಸಾದುದರಿಂದ ಭಾರವನ್ನೆಲ್ಲ ತಾನೇ ಹೊತ್ತು ಎಲುಬನ್ನು ಸೋಮಾರಿಯಾಗಿಸುತ್ತದೆ, ಕೆಲಸವಿಲ್ಲದ ಎಲುಬು ಸವೆಯುತ್ತದೆ. ಟೈಟೇನಿಯಮಿನ ಬಿರುಸು ಉಕ್ಕಿನ ಅರ್ಧದಷ್ಟು ಮಾತ್ರ. ಸೇಕಡ 6 ಅಲ್ಯೂಮಿನಿಯಮ್, 4 ವನೇಡಿಯಮ್ ಬೆರೆತ ಟೈಟೇನಿಯಮ್ ಮಿಶ್ರಲೋಹ ಮೊದಲು ವಿಮಾನಗಳಿಗಾಗಿ ಸಿದ್ಧವಾಗಿ, ಅನಂತರ ಮನುಷ್ಯನ ತೊಡೆಯನ್ನು ಪ್ರವೇಶಿಸಿತು. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ಇಂದು ವಿಮಾನದ ಭಾಗಗಳನ್ನು ಕೂದಲೆಳೆಯ ನಿಖರತೆಯಿಂದ ಕೊರೆಯುವ ಯಂತ್ರಗಳೂ ಅವನ್ನು ನಡೆಸಬಲ್ಲ ಇಲ್ಲಿನ ಹುಡುಗರೂ ಇದ್ದಾರೆಂಬುದನ್ನು ಇಲ್ಲಿ ನೆನೆಯಬೇಕು.

ವೈದ್ಯಪರಂಪರೆಯೂ ಈ ನೆಲಕ್ಕೆ ಹೊಸದಲ್ಲ. 1929ರಲ್ಲಿ ಸ್ಥಾಪಿತವಾದ ಘಟಪ್ರಭೆಯ ಕರ್ನಾಟಕ ಆರೋಗ್ಯಧಾಮ, ಅಮೆರಿಕದಲ್ಲಿ ಓದಿ ಬಂದು 1923ರಲ್ಲಿ ಸೇವಾದಳವನ್ನು ಕಟ್ಟಿದ ಡಾ. ನಾ. ಸು. ಹರ್ಡೀಕರರ ಕಾರ್ಯಕ್ಷೇತ್ರವಾಗಿತ್ತು. ಪಟ್ಟಣದ ಚಿಕಿತ್ಸೆಯನ್ನು ಹಳ್ಳಿಗೆ ತರುವುದು ಆ ತಲೆಮಾರಿನ ಸಾಧನೆ. ಹಳ್ಳಿಯ ಅಗತ್ಯದಿಂದ ಹೊಸ ಉಪಕರಣವನ್ನು ಹುಟ್ಟಿಸುವುದು ಮುಂದಿನ ಹೆಜ್ಜೆಯಾದೀತು.

ಈ ಹೆಜ್ಜೆ ಅಸಾಧ್ಯವಲ್ಲವೆಂಬುದಕ್ಕೆ ಕರ್ನಾಟಕದಲ್ಲೇ ನಿದರ್ಶನವುಂಟು. ಅರ್ಬುದದಿಂದ ಗಂಟಲಿನ ಧ್ವನಿಪೆಟ್ಟಿಗೆಯನ್ನು ತೆಗೆಸಿಕೊಂಡವರಿಗೆ ಮಾತು ಮರಳಿಸುವ ಆಮದು ಸಾಧನಕ್ಕೆ ಸಾವಿರಾರು ರೂಪಾಯಿ ತಗಲುತ್ತಿದ್ದಾಗ, ಬೆಂಗಳೂರಿನ ಶಸ್ತ್ರಚಿಕಿತ್ಸಕ ಡಾ. ವಿಶಾಲ್ ರಾವ್ ಉದ್ಯಮಿ ಮಿತ್ರರೊಬ್ಬರ ನೆರವಿನಿಂದ ಸುಮಾರು 50 ರೂಪಾಯಿಯ ‘ಓಂ’ ಸಾಧನವನ್ನು ರೂಪಿಸಿದರು. ವೈದ್ಯನ ಪಕ್ಕದಲ್ಲಿ ತಯಾರಕ ನಿಂತ ಹಳೆಯ ಕಥೆಯೇ ಇಲ್ಲಿಯೂ ನಡೆಯಿತು.

ಆದರೂ ಕಲ್ಪನೆ ಹೊಳೆದ ಮಾತ್ರಕ್ಕೆ ಅದನ್ನು ರೋಗಿಯ ಮೇಲೆ ಪ್ರಯೋಗಿಸಲಾಗದು, ಪ್ರಯೋಗಿಸಲೂ ಬಾರದು. ನಡೆಯುವವನ ಸೊಂಟ ವರ್ಷಕ್ಕೆ ಹತ್ತು ಲಕ್ಷದಷ್ಟು ಹೆಜ್ಜೆಗಳ ಭಾರ ಹೊರುವುದರಿಂದ, ಕೃತಕ ಕೀಲನ್ನು ಪ್ರಯೋಗಶಾಲೆಯ ಯಂತ್ರದಲ್ಲಿ ಲಕ್ಷಾಂತರ ಸಲ ಒತ್ತಿ, ಉಜ್ಜಿ ನೋಡಬೇಕು. ಬಳಿಕ ನೀತಿಸಮಿತಿಯ ಒಪ್ಪಿಗೆ, ರೋಗಿಯ ಲಿಖಿತ ಸಮ್ಮತಿ, ಪರವಾನಗಿ. 2018ರ ಜನವರಿಯಿಂದ ಜಾರಿಗೆ ಬಂದ ನಿಯಮಾವಳಿ ಉಪಕರಣಗಳನ್ನು ಅಪಾಯದ ಪ್ರಮಾಣಕ್ಕನುಸಾರ ನಾಲ್ಕು ವರ್ಗಗಳಾಗಿ ವಿಂಗಡಿಸಿದೆ. ಈ ತಡೆಗಳನ್ನು ಕಿರಿಕಿರಿಯೆಂದು ತಿಳಿಯುವವರು, ಒಳಗೆ ಮುರಿದ ತಿರುಪನ್ನು ಹೊರತೆಗೆಯುವ ಶಸ್ತ್ರಕ್ರಿಯೆಯನ್ನು ಒಮ್ಮೆ ನೋಡಿದರೆ ಸಾಕು.

ಆದ್ದರಿಂದ ಈ ಸೀಮೆಯಲ್ಲಿ ಆಗಬೇಕಾದ ಕೆಲಸ ದೊಡ್ಡ ಪ್ರಯೋಗಶಾಲೆಯಿಂದ ಆರಂಭವಾಗಬೇಕಾದದ್ದಿಲ್ಲ. ದಪ್ಪ ಫಲಕ ನಮ್ಮ ಹೆಂಗಸರ ಸಣ್ಣ ಎಲುಬಿಗೆ ಹೊಂದಲಿಲ್ಲ, ಊರುಗೋಲಿನ ತುದಿ ಕರಿಮಣ್ಣಿನಲ್ಲಿ ಹೂತಿತು ಎಂಬಂಥ ಕೊರತೆಗಳನ್ನು ವೈದ್ಯರು ಬರೆದಿಡಲಿ. ಅವನ್ನು ಯಂತ್ರಶಾಲೆಯವರೊಡನೆ ಕುಳಿತು ಚರ್ಚಿಸಲಿ. ಮೊದಲು ಊರುಗೋಲಿನಂಥ, ದೇಹದ ಹೊರಗೆ ಉಳಿಯುವ ಸರಳ ಸಲಕರಣೆಗಳನ್ನು ಮಾಡಿ ಕೈಪಳಗಿಸಿಕೊಂಡ ಮೇಲೆ, ಎಲುಬಿನೊಳಗಿನ ಕೆಲಸಕ್ಕೆ ಕೈಹಾಕುವುದು ಉಚಿತವಾದೀತು.