ಬಾಗಿಲು ಹಾಕಿದ ಮೇಲೂ ಅವಳಿಗೆ ಕಾನೂನು ಉಂಟು

ಜೈಲಿನ ಮಾತು ನಮಗ್ಯಾಕೆ, ನಾವೇನು ಕಳವು ಮಾಡಿದವರಾ ಎಂದು ಪುಟ ಮಗುಚಬೇಡಿ, ಸೋದರಿಯರೇ. ಅಡಿಕೆ ಸುಲಿಯಲು ಬರುವವಳು, ಸಾಲಕ್ಕೆ ಜಾಮೀನು ನಿಂತವಳು, ಸೊಸೆ ಸತ್ತ ಮನೆಯ ಅತ್ತೆ, ಯಾರನ್ನೂ ಒಂದು ದಿನ ಠಾಣೆಗೆ ಕರೆದೊಯ್ಯಬಹುದು. ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿದರೇ ಊರಿಡೀ ಸುದ್ದಿ. ಹಾಗಿರುವಾಗ, ಕಾವಲಿಗಿದ್ದವನೇ ಕೈಹಾಕಿದರೆ ಅವಳು ಬಾಯಿ ಬಿಟ್ಟಾಳೆಯೇ? ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ.

1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆಯಲ್ಲಿ, ಮನೆಯವರನ್ನು ಹೊರಗೆ ಕಳಿಸಿ, ಬುಡಕಟ್ಟಿನ ಹುಡುಗಿಯೊಬ್ಬಳ ಮೇಲೆ ಪೊಲೀಸರೇ ಅತ್ಯಾಚಾರ ಮಾಡಿದರೆಂದು ದೂರಾಯಿತು. ಮಥುರಾ ಪ್ರಕರಣವೆಂದು ನೀವೂ ಕೇಳಿರಬಹುದು. ಮೈಮೇಲೆ ಗಾಯವಿಲ್ಲ, ಆದ್ದರಿಂದ ಒಪ್ಪಿದ್ದಳು ಎಂದು 1978ರಲ್ಲಿ ಸುಪ್ರೀಂ ಕೋರ್ಟು ಇಬ್ಬರು ಪೊಲೀಸರನ್ನೂ ಬಿಟ್ಟಿತು. ರಾತ್ರಿ ಹೊತ್ತು ಖಾಕಿ ತೊಟ್ಟವನೆದುರು ಕೂಗದೆ ಇದ್ದರೆ ಅದು ಒಪ್ಪಿಗೆಯಾ, ನೀವೇ ಹೇಳಿ! 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಕೋರ್ಟಿಗೇ ಬಹಿರಂಗ ಪತ್ರ ಬರೆದರು, ಹೆಂಗಸರು ಬೀದಿಗಿಳಿದರು, 1983ರಲ್ಲಿ ಕಾನೂನು ಬದಲಾಯಿತು. ಈಗ ಕಸ್ಟಡಿಯಲ್ಲಿ ಅತ್ಯಾಚಾರಕ್ಕೆ ಕನಿಷ್ಠ 10 ವರ್ಷ ಶಿಕ್ಷೆ. ಸಂಭೋಗ ನಡೆದದ್ದು ಸಾಬೀತಾಗಿ, ತಾನು ಒಪ್ಪಿರಲಿಲ್ಲ ಎಂದು ಅವಳು ಹೇಳಿದರೆ, ಕೋರ್ಟು ಹಾಗೆಂದೇ ಭಾವಿಸಬೇಕು. ಜೈಲಿನ ಅಧಿಕಾರಿ ತನ್ನ ಅಧಿಕಾರ ಬಳಸಿ ಅವಳನ್ನು ಒಲಿಸಿಕೊಂಡರೂ ಕನಿಷ್ಠ 5 ವರ್ಷ. ಅಲ್ಲಿ 'ಅವಳೇ ಒಪ್ಪಿದ್ದು' ಎಂಬ ನೆಪ ನಡೆಯುವುದಿಲ್ಲ.

1982ರಲ್ಲಿ ಪತ್ರಕರ್ತೆ ಶೀಲಾ ಬರ್ಸೆ ಬೊಂಬಾಯಿ ಜೈಲಿನಲ್ಲಿ 15 ಹೆಂಗಸರನ್ನು ಮಾತಾಡಿಸಿದಾಗ 5 ಮಂದಿ, ಲಾಕಪ್ಪಿನಲ್ಲಿ ತಮ್ಮ ಮೇಲೆ ಪೊಲೀಸರು ಹಲ್ಲೆ ಮಾಡಿದರೆಂದರು. ಆಕೆ ಬರೆದ ಪತ್ರವನ್ನೇ ಅರ್ಜಿಯಾಗಿ ಎತ್ತಿಕೊಂಡು ಸುಪ್ರೀಂ ಕೋರ್ಟು 1983ರಲ್ಲಿ ಹೇಳಿದ್ದು: ಹೆಂಗಸರ ಲಾಕಪ್ಪು ಬೇರೆ ಇರಬೇಕು, ಕಾವಲಿಗೆ ಮಹಿಳಾ ಪೊಲೀಸರೇ ಬೇಕು, ವಿಚಾರಣೆಯೂ ಅವರ ಎದುರಿಗೇ. ಇನ್ನೊಂದು ಮಾತು ನನಗೆ ಎಲ್ಲಕ್ಕಿಂತ ದೊಡ್ಡದು. ಹಾಜರುಪಡಿಸಿದಾಗ ಮ್ಯಾಜಿಸ್ಟ್ರೇಟರೇ "ನಿನಗೆ ಯಾರಾದರೂ ಹಿಂಸೆ ಕೊಟ್ಟರಾ" ಎಂದು ಕೇಳಬೇಕು. ಆಗ ತಲೆ ತಗ್ಗಿಸಿ 'ಇಲ್ಲ' ಅಂದುಬಿಟ್ಟರೆ ಮತ್ತೆ ಕಷ್ಟವೇ ಮಾರಾಯ್ರೇ.

ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು, ಹೆಂಗಸನ್ನು ಬಂಧಿಸುವಂತಿಲ್ಲ. ತೀರಾ ಅಪರೂಪಕ್ಕೆ ಬಂಧಿಸಲೇಬೇಕಾದರೆ ಮಹಿಳಾ ಅಧಿಕಾರಿಯೇ ಬಂದು, ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು. ಮೈ ತಪಾಸಣೆ ಹೆಂಗಸೇ ಮಾಡಬೇಕು, ವೈದ್ಯ ಪರೀಕ್ಷೆಯನ್ನು ಲೇಡಿ ಡಾಕ್ಟರೇ ಮಾಡಬೇಕು ಅಥವಾ ಮಾಡಿಸಬೇಕು.

ನಿಮ್ಮವರು ಯಾರಾದರೂ ಮಂಗಳೂರಿನ ಜೈಲಿನಲ್ಲಿದ್ದರೆ ಭೇಟಿಗೆ ಹೋಗುವುದನ್ನು ಬಿಡಬೇಡಿ, ಮರ್ಯಾದೆ ಹೋಯಿತೆಂದು ಅಣ್ಣತಮ್ಮಂದಿರು ಮುಖ ತಿರುಗಿಸಿದರೂ ಸರಿ. ಕೇಳುವವರಿಲ್ಲದವಳ ಮೇಲೆಯೇ ಮೊದಲು ಕಣ್ಣು ಬೀಳುವುದು. ವಕೀಲರಿಗೆ ದುಡ್ಡಿಲ್ಲವೆಂದು ಸುಮ್ಮನಿರಬೇಡಿ. 1987ರ ಕಾನೂನಿನಂತೆ ಹೆಂಗಸರಿಗೂ ಕಸ್ಟಡಿಯಲ್ಲಿರುವವರಿಗೂ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಪುತ್ತೂರು, ಸುಳ್ಯದ ಕೋರ್ಟುಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ. ಅಷ್ಟು ದೂರ ಹೋಗಲಾಗದಿದ್ದರೆ ಫೋನ್ ನಂಬರು 15100.