ಆಲ್ಪೈನ್ ಲೂಪ್

ಆಲ್ಪೈನ್ ಲೂಪ್ ಅಮೆರಿಕದ ಕೊಲೊರಾಡೊ ರಾಜ್ಯದ ನೈಋತ್ಯದಲ್ಲಿ, ಸ್ಯಾನ್ ಹುವಾನ್ ಪರ್ವತಶ್ರೇಣಿಯಲ್ಲಿರುವ ಗಿರಿಮಾರ್ಗ. ಲೇಕ್ ಸಿಟಿ, ಯುರೇ ಮತ್ತು ಸಿಲ್ವರ್‌ಟನ್ ಎಂಬ ಹಳೆಯ ಗಣಿ ಪಟ್ಟಣಗಳನ್ನು ಬೆಸೆಯುವ ಇದರ ಉದ್ದ ಸುಮಾರು 105 ಕಿಲೋಮೀಟರ್. ಎಂಜಿನಿಯರ್ ಪಾಸ್ (ಸುಮಾರು 3,900 ಮೀಟರ್) ಮತ್ತು ಸಿನಮನ್ ಪಾಸ್ (ಸುಮಾರು 3,850 ಮೀಟರ್) ಇದರ ಎತ್ತರದ ತಾಣಗಳು. ಹಿಮ ಕರಗಿದ ಬೇಸಿಗೆಯ ಕೆಲವೇ ತಿಂಗಳು ಇಲ್ಲಿ ಸಂಚಾರ ಸಾಧ್ಯ.

ಹಿನ್ನೆಲೆ

ಈ ದಾರಿ ವಿಹಾರಕ್ಕಾಗಿ ಹುಟ್ಟಿದ್ದಲ್ಲ. 1873ರ ಬ್ರೂನೋ ಒಪ್ಪಂದದಿಂದ ಯೂಟ್ ಮೂಲನಿವಾಸಿಗಳು ಈ ಸೀಮೆಯನ್ನು ಬಿಟ್ಟುಕೊಡಬೇಕಾಯಿತು. ಬೆಳ್ಳಿ, ಚಿನ್ನಗಳನ್ನು ಅರಸಿ ಜನ ನುಗ್ಗಿದರು. ಅದಿರನ್ನು ಕೆಳಗಿಳಿಸಲು ಹೇಸರಗತ್ತೆಗಳಿಗೂ ಬಂಡಿಗಳಿಗೂ ಬಂಡೆ ಕಡಿದು ದಾರಿ ಮಾಡಲಾಯಿತು. ಆಟೋ ಮಿಯರ್ಸ್ ಎಂಬ ಉದ್ಯಮಿ ಈ ಪ್ರದೇಶದಲ್ಲಿ ಹಲವು ಸುಂಕದ ರಸ್ತೆಗಳನ್ನು ನಿರ್ಮಿಸಿದನು. ಇಂದಿನ ಜೀಪುಗಳಿಗೆ ದಾರಿ ಇಕ್ಕಟ್ಟೆನಿಸುವುದು ಇದೇ ಕಾರಣಕ್ಕೆ.

ಸುಮಾರು 3,400 ಮೀಟರ್ ಎತ್ತರದ ಅನಿಮಸ್ ಫೋರ್ಕ್ಸ್ ಮಾರ್ಗದ ಮುಖ್ಯ ಪಾಳು ಊರು. 1880ರ ದಶಕದಲ್ಲಿ ಇಲ್ಲಿ ನೂರಾರು ಜನರಿದ್ದರು. 1884ರ ಹಿಮಪಾತ 23 ದಿನ ಬಿಡದೆ ಸುರಿದಾಗ, ನಿವಾಸಿಗಳು ಮನೆಯಿಂದ ಮನೆಗೆ ಹಿಮದೊಳಗೆ ಸುರಂಗ ತೋಡಿ ಓಡಾಡಿದರೆಂದು ಹೇಳಲಾಗುತ್ತದೆ. ಗಣಿ ಬರಿದಾದಂತೆ ಊರೂ ಬರಿದಾಯಿತು. 1879ರಲ್ಲಿ ಕಟ್ಟಿದ ಡಂಕನ್ ಮನೆ ತನ್ನ ಚಾಚುಕಿಟಕಿಯೊಡನೆ ಇಂದಿಗೂ ನಿಂತಿದೆ.

ಚಾಲನೆ

ಎತ್ತರದ ಭಾಗಗಳಿಗೆ ನೆಲದಿಂದ ಸಾಕಷ್ಟು ಎತ್ತರವಿರುವ ಫೋರ್ ವೀಲ್ ಡ್ರೈವ್ ವಾಹನ ಅಗತ್ಯ. ಪಾಸ್‌ಗಳ ಮೇಲೆ ವಾಯುಭಾರ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕೂ ಕಡಿಮೆ. ಆದ್ದರಿಂದ ಟರ್ಬೊ ಇಲ್ಲದ ಎಂಜಿನ್ ಸೊರಗುತ್ತದೆ, ಚಾಲಕನೂ ಬೇಗ ದಣಿಯುತ್ತಾನೆ. ಇಳಿಯುವಾಗ ಬ್ರೇಕನ್ನೇ ನಂಬಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕೆಳಗಿನ ಗೇರಿನಲ್ಲಿ, ಎಂಜಿನ್ನಿನ ಬಿಗಿಯಲ್ಲೇ ಇಳಿಯಬೇಕು. ಎರಡು ವಾಹನ ಎದುರಾದರೆ ಏರುವವರಿಗೆ ಆದ್ಯತೆ. ಹತ್ತುತ್ತ ನಿಂತ ವಾಹನವನ್ನು ಮತ್ತೆ ಹೊರಡಿಸುವುದು ಕಷ್ಟವಾದ್ದರಿಂದ ಇದು ಕೇವಲ ಸೌಜನ್ಯವಲ್ಲ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಸಿಡಿಲುಮಳೆ ಸಾಮಾನ್ಯ. ಬೆಳಗ್ಗೆಯೇ ಪಾಸ್ ದಾಟುವುದು ಲೇಸು.

ಹಳೆಯ ಗಣಿಬಾಯಿಗಳನ್ನು ಹೊಗಬಾರದು. ಮರಗಳು ಕೊಳೆತ ಚಾವಣಿ ಕುಸಿಯಬಹುದು, ಒಳಗಿನ ಗಾಳಿಯಲ್ಲಿ ಆಮ್ಲಜನಕ ಇಲ್ಲದಿರಬಹುದು.

ಪರಿಸರ

ಮರ ಬೆಳೆಯದ ಎತ್ತರದಲ್ಲಿ ನೆಲಕ್ಕಂಟಿದ ಟಂಡ್ರಾ ಸಸ್ಯಗಳಷ್ಟೇ ಇವೆ. ದಾರಿ ಬಿಟ್ಟು ಹೊರಳಿದ ಚಕ್ರದ ಗುರುತು ಅಲ್ಲಿ ದಶಕಗಳವರೆಗೆ ಮಾಯುವುದಿಲ್ಲ. ಕೆಸರನ್ನು ತಪ್ಪಿಸಲು ಪಕ್ಕಕ್ಕೆ ಸರಿಯುವುದೇ ಇಲ್ಲಿ ಹೆಚ್ಚು ನಡೆಯುವ ತಪ್ಪು. ಗಣಿಗಾರಿಕೆಯ ಗಾಯವಂತೂ ಇನ್ನೂ ಹಸಿಯಾಗಿದೆ: 2015ರ ಆಗಸ್ಟ್ 5ರಂದು ಸಿಲ್ವರ್‌ಟನ್ ಸಮೀಪದ ಗೋಲ್ಡ್ ಕಿಂಗ್ ಗಣಿಯಿಂದ ಸುಮಾರು 1.1 ಕೋಟಿ ಲೀಟರ್ ಲೋಹಮಿಶ್ರಿತ ನೀರು ಹೊರನುಗ್ಗಿ ಅನಿಮಸ್ ನದಿ ಅರಿಸಿನ ಬಣ್ಣಕ್ಕೆ ತಿರುಗಿತು. ಮರುವರ್ಷ ಈ ಗಣಿಯೂ ಸೇರಿದಂತೆ ಸುತ್ತಲಿನ ಹಲವು ತಾಣಗಳನ್ನು ಕೇಂದ್ರ ಸರ್ಕಾರದ ಶುದ್ಧೀಕರಣ ಪಟ್ಟಿಗೆ ಸೇರಿಸಲಾಯಿತು.